ಒಂಟಿ ಸೀಟಿನ ಕಪ್ಪು ಗಾಡಿ

ಏಪ್ರಿಲ್ ೩, ಗುರುವಾರ

ಕಟಕಟೆಯಲ್ಲಿ ನಿಂತು, ಎದೆಯ ಮೇಲೆ ಕೈಯಿಟ್ಟು, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ: ಇಂದು ಬೆಳಿಗ್ಗೆ, ಸಂಪೂರ್ಣ ಸ್ವಸ್ಥಚಿತ್ತನಾಗಿ, ಕೆಳಮನೆಯವರ ಬಟ್ಟೆ ಒಣಹಾಕುವ ತಂತಿಯಿಂದ ಒಂದು ಬನಿಯನ್ ಕದ್ದೆ. ಸಾಕ್ಷಿ, ಒಂದು ಕಾಗೆ. ಉದ್ದೇಶ, ಒರೆಸುವುದು. ತೂತುಗಳನ್ನು ನೋಡಿ ಅದು ನಿವೃತ್ತಿ ಹೊಂದಿದ ಬನಿಯನ್ ಎಂದು ತೀರ್ಮಾನಿಸಿದ್ದೆ. ಮಧ್ಯಾಹ್ನ ಕೆಳಮನೆ ಅಜ್ಜಿ ಅಂಗಳದಿಂದಲೇ ಇಡೀ ಬೀದಿಗೆ ಸಮನ್ಸ್ ಜಾರಿ ಮಾಡಿದಾಗ ಗೊತ್ತಾಯಿತು, ಅದು ಇನ್ನೂ ಸೇವೆಯಲ್ಲಿತ್ತು. ಅಷ್ಟೇ ಅಲ್ಲ, ತಾತನಿಗೆ ಅದಿಲ್ಲದೆ ನಿದ್ರೆಯೇ ಬರುವುದಿಲ್ಲವಂತೆ.

ತಪ್ಪು ನನ್ನದಲ್ಲ, ಕಪ್ಪಿನದು. ನಿನ್ನೆ ಕಂಪನಿಯವರು ಪರೀಕ್ಷೆಗೆಂದು ತಂದು ನಿಲ್ಲಿಸಿ ಹೋದ ಕ್ರೂಸರ್ ಬೈಕು ಅಡಿಯಿಂದ ಮುಡಿಯವರೆಗೆ ಕಪ್ಪು. ಟ್ಯಾಂಕು, ಎಂಜಿನ್ನು, ಸೈಲೆನ್ಸರು, ಚಕ್ರದ ಕಡ್ಡಿ, ಕನ್ನಡಿಯ ಬೆನ್ನು, ಎಲ್ಲವೂ ಕಪ್ಪು. ಬೇರೆ ಗಾಡಿಗಳಲ್ಲಿ ಫಳಫಳ ಹೊಳೆಯುವ ಜಾಗವೆಲ್ಲ ಇಲ್ಲಿ ಸೂತಕ ಹಿಡಿದಂತಿದೆ. ಅದರ ಮೇಲೆ ಬೆರಳಿಟ್ಟರೆ ಪೊಲೀಸರು ಮೆಚ್ಚುವಂಥ ಗುರುತು ಉಳಿಯುತ್ತದೆ. ಒರೆಸಲೇಬೇಕು. ಹಿಂದೆ ರಾಜರಿಗೆ ಕಪ್ಪಕಾಣಿಕೆ ಸಲ್ಲುತ್ತಿತ್ತು. ವಾರಪತ್ರಿಕೆಯ ಅಂಕಣಕಾರನಿಗೆ ಸಂದದ್ದು ಕಪ್ಪು ಕಾಣಿಕೆ, ಅದೂ ತಿಂಗಳ ಕೊನೆಗೆ ವಾಪಸು.

ಇದು ನನ್ನ ಸ್ವಂತ ಪುಸ್ತಕವಾದ್ದರಿಂದ ವಿನಯಕ್ಕೆ ಇಲ್ಲಿ ಕೆಲಸವಿಲ್ಲ. ಇಪ್ಪತ್ತೆರಡು ವರ್ಷದಿಂದ ಗಾಡಿಗಳನ್ನು ಓಡಿಸಿ ಸವಾರಿಯ ಅನುಭವ ಬರೆಯುತ್ತಿದ್ದೇನೆ. ಯಾವ ಗಾಡಿಯೇ ಆಗಲಿ, ಅದರ ಮೇಲೆ ಕೂತು ಒಂದು ಕಿಲೋಮೀಟರು ಹೋದರೆ ಸಾಕು, ಜಾತಕ ಬರೆದುಕೊಡುತ್ತೇನೆ. ಇಷ್ಟು ವರ್ಷದಲ್ಲಿ ಯಾರ ಬೆನ್ನ ಹಿಂದೆಯೂ ಕೂತವನಲ್ಲ.

ಈ ಗಾಡಿಯಲ್ಲಂತೂ ಬೆನ್ನ ಹಿಂದೆ ಕೂರುವ ಪ್ರಶ್ನೆಯೇ ಇಲ್ಲ. "ಬೇಡದ್ದನ್ನೆಲ್ಲ ಬಿಟ್ಟಿದ್ದೇವೆ" ಎಂದು ಕಂಪನಿಯ ಕಿರುಹೊತ್ತಿಗೆ ಹೇಳುತ್ತದೆ. ಒಂದು ದುಂಡು ಮೀಟರು, ಅಂಗೈಯಗಲದ ದೀಪ, ಮೊಟಕು ಮಡ್‌ಗಾರ್ಡು, ಒಬ್ಬರಿಗೆ ಮಾತ್ರ ಸೀಟು. ಒಂಟಿ ಸಲಗ. ಹೆಂಡತಿ ಊರಲ್ಲಿಲ್ಲದ ಗಂಡಸಿಗೆ ಹೇಳಿ ಮಾಡಿಸಿದಂತಿದೆ.

ಹೆಂಡತಿ ಎರಡು ತಿಂಗಳಿಂದ ಬೇರೆ ಊರಿನಲ್ಲಿದ್ದಾಳೆ. ಕುಡಿಯುವ ನೀರನ್ನು ಪರೀಕ್ಷಿಸುವುದು ಅವಳ ಉದ್ಯೋಗ, ನನಗೆ ನೀರು ಕುಡಿಸುವುದು ಅವಳ ಹವ್ಯಾಸ. ಬಸ್ಸಿನಲ್ಲಿ ಐದು ಗಂಟೆಯ ದೂರದಲ್ಲಿ ಹೊಸ ಪ್ರಯೋಗಾಲಯ ತೆರೆದಿದ್ದಾರೆ. ಶುರು ಮಾಡಿಕೊಡಲು ಮೂರು ತಿಂಗಳಿಗೆಂದು ಇವಳನ್ನು ಕರೆಸಿಕೊಂಡರು. ನನಗೇನೂ ತೊಂದರೆಯಿಲ್ಲ. ಮಂಚ ಪೂರ್ತಿ ನನ್ನದು.

ಏಪ್ರಿಲ್ ೪, ಶುಕ್ರವಾರ

ಮೊದಲ ಸವಾರಿ. ಎಂಜಿನ್ನಿನ ಸದ್ದು, ಊಟವಾದ ಮೇಲೆ ದೊಡ್ಡಪ್ಪ ಆರಾಮಕುರ್ಚಿಯಲ್ಲಿ ಗೊರಕೆ ಹೊಡೆದಂತೆ: ಅವಸರವಿಲ್ಲ, ಆದರೆ ಮನೆಯವರಿಗೆಲ್ಲ ಕೇಳಬೇಕು. ಆಕ್ಸಿಲರೇಟರ್ ತಿರುಚಿದರೆ ಚಿಮ್ಮುವುದಿಲ್ಲ, ನೂಕುತ್ತದೆ. ಸೀಟು ಎಷ್ಟು ತಗ್ಗೆಂದರೆ ಪಕ್ಕದ ಕಾರಿನವರ ಜೊತೆ ಕಣ್ಣಲ್ಲಿ ಕಣ್ಣಿಟ್ಟು ಜಗಳವಾಡಬಹುದು. ಕಾಲಿಡುವ ಜಾಗ ಮುಂದೆಲ್ಲೋ ಇದೆ, ಕೈಹಿಡಿ ಇನ್ನೆಲ್ಲೋ ಇದೆ. ಸವಾರ ಎರಡನ್ನೂ ಜೋಡಿಸುವ ಸೇತುವೆ. ಯೋಗಶಾಸ್ತ್ರಕ್ಕೆ ನನ್ನ ಕೊಡುಗೆ: ಇದು ಏಕಾಸನ, ಐವತ್ತು ಕಿಲೋಮೀಟರಿನ ಮೇಲೆ ಶವಾಸನ.

ದೋಷ ಒಂದೇ, ಹಿಂಬದಿ ತುಂಬ ಬಿರುಸು. ಗಾಡಿ ಬಂದ ಸಂಜೆಯೇ ಕ್ಲಚ್ಚು, ಕನ್ನಡಿ, ಹಿಂದಿನ ಸ್ಪ್ರಿಂಗು ಎಲ್ಲವನ್ನೂ ಎಂದಿನಂತೆ ನಾನೇ ಸರಿಮಾಡಿಕೊಂಡಿದ್ದೇನೆ. ಆದರೂ ರಸ್ತೆಯ ಪ್ರತಿ ಉಬ್ಬೂ ಬೆನ್ನುಹುರಿಯ ಮೆಟ್ಟಿಲು ಹತ್ತಿ ತಲೆಗೆ ಬಂದು ಬಾಗಿಲು ತಟ್ಟುತ್ತದೆ.

ವಾಪಸು ಬಂದಾಗ ಅಜ್ಜಿ ಗೇಟಿನಲ್ಲಿದ್ದರು. ಹೊಸ ಬನಿಯನ್ ದಂಡ ಕಟ್ಟಿದ ಮೇಲೆ ಮಾತು ಬಿಟ್ಟಿಲ್ಲ ಎಂಬುದೇ ಸಮಾಧಾನ.

"ಏನೋ ಇದು, ಸುಟ್ಟ ಗಾಡಿ ತಂದಿದ್ದೀಯಲ್ಲ!"

"ಸುಟ್ಟದ್ದಲ್ಲ ಅಜ್ಜಿ, ಬಣ್ಣವೇ ಹಾಗೆ. ಈಗ ಅದೇ ಫ್ಯಾಷನ್ನು."

"ಹಿಂದಿನ ಸೀಟು?"

"ಇಲ್ಲ."

"ಅದು ಮಾತ್ರ ಪೂರ್ತಿ ಸುಟ್ಟುಹೋಯ್ತು ಅನ್ನು."

ಏಪ್ರಿಲ್ ೬, ಭಾನುವಾರ

ಫೋನಿನಲ್ಲಿ ಅವಳು ಹೇಳಿದಳು, "ರೀ, ಇಲ್ಲೇ ಇರ್ತೀರಾ ಅಂತ ಕೇಳ್ತಿದ್ದಾರೆ. ಪ್ರಯೋಗಾಲಯದ ಮುಖ್ಯಸ್ಥೆ ಆಗಿ. ಕನಿಷ್ಠ ಮೂರು ವರ್ಷ."

"ಅಭಿನಂದನೆಗಳು. ಇನ್ಮೇಲೆ ಇಡೀ ಊರಿಗೆ ನೀರು ಕುಡಿಸಬಹುದು."

ನಗಲಿಲ್ಲ. "ಇಪ್ಪತ್ತೆಂಟಕ್ಕೆ ಉತ್ತರ ಕೊಡ್ಬೇಕು. ನೀವೇನಂತೀರಿ?"

"ನಿನ್ನಿಷ್ಟ ಕಣೇ."

ಪ್ರಜಾಪ್ರಭುತ್ವವಾದಿ ಗಂಡ ಎಂದು ಹೊಗಳುತ್ತಾಳೆಂದುಕೊಂಡಿದ್ದೆ. "ಕುಕ್ಕರ್ ಕೂಗ್ತಿದೆ" ಎಂದು ಫೋನಿಟ್ಟಳು. ಮೂರು ವರ್ಷವೆಂದರೆ ಏನು ಮಹಾ, ಟೈರು ಸವೆಯುವಷ್ಟು ಕಾಲ.

ಏಪ್ರಿಲ್ ೯, ಬುಧವಾರ

ಬಿಸಿಲಿನಲ್ಲಿ ನಿಲ್ಲಿಸಿದ ಕಪ್ಪು ಸೀಟಿನ ಮೇಲೆ ಕೂತೆ. ಕಾದ ಕಾವಲಿಯ ಮೇಲೆ ಬಿದ್ದ ಹನಿಯ ಮನಸ್ಥಿತಿ ಅರ್ಥವಾಯಿತು.

ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬಿಸಿ, ಎಂಜಿನ್ ಚಾಲೂ ಮಾಡಿ ಕೂತಿದ್ದೆ. ಹಿಂದಿದ್ದ ಆಟೋದವನು ಹಾರ್ನು ಬಡಿದ. ಮತ್ತೆ ಬಡಿದ. ಕೊನೆಗೆ ತಲೆ ಹೊರಹಾಕಿ, "ಏನ್ ಸಾರ್, ಮುಹೂರ್ತ ನೋಡ್ತಿದ್ದೀರಾ?" ಎಂದ.

ಅವಳು ಹಿಂದೆ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು, ನನ್ನ ಭುಜಕ್ಕೆ ಎರಡು ಸಲ ತಟ್ಟಿದ ಮೇಲೆ ಮಾತ್ರ ಕ್ಲಚ್ಚು ಬಿಡಬೇಕೆಂಬುದು ನಮ್ಮ ಮನೆಯ ಕಾನೂನು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ ಬಿಸಿಯಾಗಲಿ ಎಂದು ಕಾಯುತ್ತಿದ್ದೆ. ದೊಡ್ಡ ಎಂಜಿನ್ನುಗಳಿಗೆ ಹೊತ್ತು ಬೇಕಾಗುತ್ತದೆ.

ನಿದ್ರೆ ಸರಿಯಿಲ್ಲ. ಇಳಿದ ಮೇಲೂ ಎಂಜಿನ್ನಿನ ನಡುಕ ಅಂಗೈಯಲ್ಲೇ ಉಳಿಯುತ್ತದೆ. ಇದನ್ನೂ ಅಂಕಣದಲ್ಲಿ ದೋಷವೆಂದು ಬರೆಯಬೇಕು.

ಏಪ್ರಿಲ್ ೧೩, ಭಾನುವಾರ

ಅಂಕಣ ಅಚ್ಚಾಗಿದೆ. "ಈ ಗಾಡಿಯ ಬೆನ್ನು ಸರ್ಕಾರಿ ಕಚೇರಿಯ ಬೆಂಚಿಗಿಂತ ಬಿರುಸು, ಬೆಂಚು ಕನಿಷ್ಠ ಚಲಿಸುವುದಿಲ್ಲ" ಎಂಬ ಸಾಲನ್ನು ಸಂಪಾದಕರು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಮೂವರು ಓದುಗರು ಮೆಚ್ಚಿ ಬರೆದಿದ್ದಾರೆ. ಮೊದಲಾದರೆ ಇಂಥ ಸಾಲನ್ನು ಕಳಿಸುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದೆ. ಅವಳು ನಕ್ಕರೆ ಉಳಿಯುತ್ತಿತ್ತು, "ಹೂಂ" ಅಂದರೆ ಹೊಡೆದುಹಾಕುತ್ತಿದ್ದೆ. ಈ ಸಲ ಫ್ರಿಜ್ಜಿಗೆ ಓದಿ ಹೇಳಿದೆ. ಅದು "ಹೂಂ" ಅಂದಿತು. ಆದರೆ ಅದು ಎಲ್ಲದಕ್ಕೂ ಹಾಗೇ ಅನ್ನುತ್ತದೆ.

ಬ್ರೆಡ್ಡು, ಮೊಟ್ಟೆ. ಮೊಟ್ಟೆ, ಬ್ರೆಡ್ಡು. ವೈವಿಧ್ಯವಿಲ್ಲವೆಂದು ಯಾರು ಹೇಳುತ್ತಾರೆ?

ಏಪ್ರಿಲ್ ೧೬, ಬುಧವಾರ

ಕಂಪನಿಯವನ ಫೋನು. ಬಹಳ ಮರ್ಯಾದಸ್ಥ, ಅದೇ ಕಿರಿಕಿರಿ.

"ಸಾರ್, ಈ ಮಾಡೆಲ್ ಬಗ್ಗೆ ಇಷ್ಟು ಜನ ಬರೆದ್ರು. ಹಿಂಬದಿ ಬಿರುಸು ಅಂತ ಯಾರೂ ಹೇಳಿಲ್ಲ. ಮೆತ್ತಗಾಯ್ತು ಅಂದವರು ಇದ್ದಾರೆ."

"ಅವರ ಬೆನ್ನು ಅವರದು, ನನ್ನ ಬೆನ್ನು ನನ್ನದು."

"ಒಂದ್ಸಲ ನಮ್ಮವರು ಬಂದು ನೋಡ್ಲಾ ಸಾರ್?"

"ಇಪ್ಪತ್ತೆರಡು ವರ್ಷ ಆಯ್ತು ಸ್ವಾಮಿ ನಾನು ನೋಡೋಕೆ ಶುರುಮಾಡಿ" ಎಂದು ಇಟ್ಟೆ.

ಅದೇ ಬಿಸಿಯಲ್ಲಿ ಅವಳ ಫೋನೂ ಬಂತು.

"ಯೋಚನೆ ಮಾಡಿದ್ರಾ?"

"ಏನನ್ನು?"

"ರೀ."

"ಆಗಲೇ ಹೇಳಿದ್ನಲ್ಲ. ನಿನ್ನಿಷ್ಟ. ನಾನಿಲ್ಲಿ ಒಂಟಿ ಸಲಗದ ಹಾಗೆ ಆರಾಮಾಗಿದ್ದೀನಿ."

"ನಿನ್ನಿಷ್ಟ ಅನ್ನೋದು ಉತ್ತರ ಅಲ್ಲ. ನಾನು ಕೇಳಿದ ಪ್ರಶ್ನೇನ ನನ್ನ ಮುಖಕ್ಕೇ ವಾಪಸ್ ಎಸೆಯೋದು. ಬಾ ಅಂತ ಅನ್ನಿ, ಜಗಳ ಆಡ್ತೀನಿ. ಇರು ಅಂತ ಅನ್ನಿ, ಅಳ್ತೀನಿ. ಏನಾದ್ರೂ ಒಂದು ಅನ್ನಿ. ಇಪ್ಪತ್ತೆಂಟರವರೆಗೂ ತಮಾಷೆ ಮಾಡ್ತಾ ಇದ್ರೆ ನಾನು ಹೂಂ ಅಂದ್ಬಿಡ್ತೀನಿ. ಆಮೇಲೆ ನಿಮ್ಮೂರು ನಿಮಗೆ, ನನ್ನೂರು ನನಗೆ."

ಬಹಳ ಒಳ್ಳೆಯ ಉತ್ತರವೊಂದು ಹೊಳೆಯಿತು. ಹೊಳೆಯುವಷ್ಟರಲ್ಲಿ ಅವಳು ಇಟ್ಟಾಗಿತ್ತು.

ಏಪ್ರಿಲ್ ೧೭, ಗುರುವಾರ

ಎಂಜಿನ್ ಬಿಸಿಯಾಗಲು ಇಂದು ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಆಯಾಸ.

ಏಪ್ರಿಲ್ ೨೦, ಭಾನುವಾರ

ಇದನ್ನು ಬರೆಯಬಾರದು ಅಂದುಕೊಂಡಿದ್ದೆ.

ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದೆ. ಕಪ್ಪಿನ ಮೇಲೆ ಕಪ್ಪು, ಅದರ ಮೇಲೆ ಸೋಪು. ಹಿಂದಿನ ಶಾಕ್ ಅಬ್ಸಾರ್ಬರಿನ ಮಣ್ಣು ಉಜ್ಜುತ್ತಿದ್ದಾಗ ಸ್ಪ್ರಿಂಗನ್ನು ಬಿಗಿ ಸಡಿಲ ಮಾಡುವ ಬಳೆ ಕಣ್ಣಿಗೆ ಬಿತ್ತು. ಅದಕ್ಕೆ ಐದು ಮೆಟ್ಟಿಲು. ಒಬ್ಬನೇ ಓಡಿಸುವುದಾದರೆ ಎರಡನೆಯದರಲ್ಲಿರಬೇಕು. ಇದು ನಾಲ್ಕನೆಯದರಲ್ಲಿತ್ತು.

ನಾಲ್ಕನೆಯದು ನಮ್ಮಿಬ್ಬರ ಭಾರದ ಮೆಟ್ಟಿಲು. ಹದಿನೆಂಟು ವರ್ಷದಿಂದ, ಮನೆಗೆ ಯಾವ ಗಾಡಿ ಬಂದರೂ ಮೊದಲ ಸಂಜೆಯೇ ಸ್ಪ್ಯಾನರ್ ಹಿಡಿದು ಬಗ್ಗಿ ಅದನ್ನು ನಾಲ್ಕಕ್ಕೆ ತಿರುಗಿಸುತ್ತೇನೆ. ಅವಳು ಮೆಟ್ಟಿಲ ಮೇಲೆ ನಿಂತು "ಆಯ್ತಾ? ಸಿನಿಮಾ ಶುರುವಾಗತ್ತೆ" ಅನ್ನುತ್ತಾಳೆ. ಈ ಸಲವೂ ತಿರುಗಿಸಿದ್ದೇನೆ. ಹಿಂದೆ ಸೀಟೇ ಇಲ್ಲದ ಗಾಡಿಗೆ. ಕೈ ತಾನಾಗಿ ಮಾಡಿದೆ, ತಲೆಗೆ ತಿಳಿಸಿಲ್ಲ. ಎರಡು ವಾರ, ಇಲ್ಲದ ಒಬ್ಬರನ್ನು ಹಿಂದೆ ಕೂರಿಸಿಕೊಂಡು ತಿರುಗಿ, ಗಾಡಿ ಬಿರುಸು ಎಂದು ಅಚ್ಚು ಹಾಕಿಸಿದ್ದೇನೆ, ದಪ್ಪ ಅಕ್ಷರದಲ್ಲಿ.

ಎರಡಕ್ಕೆ ಇಳಿಸಿ ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಗಾಡಿ ಬೆಣ್ಣೆ.

ರಾತ್ರಿಯವರೆಗೆ ತಡೆದುಕೊಂಡು ಅವಳಿಗೆ ಫೋನು ಮಾಡಿದೆ. ದೊಡ್ಡ ಹಾಸ್ಯಪ್ರಸಂಗದಂತೆ, ಕೈಕಾಲು ಸೇರಿಸಿ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡ ಜಾಗದಲ್ಲೆಲ್ಲ "ಆಮೇಲೆ?" ಎಂದಳು.

"ಇದನ್ನ ಬಾಯಿ ಬಿಟ್ಟು ಹೇಳೋಕೆ ನಿಮಗೊಂದು ಸ್ಪ್ರಿಂಗು ಬೇಕಾಯ್ತಾ?" ಎಂದಳು.

"ಏನನ್ನ ಹೇಳಿದೆ ನಾನು? ಗಾಡಿ ವಿಷಯ ಹೇಳಿದ್ದು."

"ಹೌದೌದು. ಗಾಡಿ ವಿಷಯ."

ಏಪ್ರಿಲ್ ೨೨, ಮಂಗಳವಾರ

ಸಂಪಾದಕರಿಗೆ ನಿಜ ಹೇಳಿದೆ. ಬಹಳ ಹೊತ್ತು ನಕ್ಕರು. ಆಮೇಲೆ, "ತಿದ್ದುಪಡಿ ಹಾಕೋಣ. ಹೆಂಡತಿ ಎಲ್ಲಿದ್ದಾರೆ ಅಂದ್ರಿ? ಹೋಗಿ ಬನ್ನಿ ಮಾರಾಯ್ರೇ. ಅಂಕಣ ಅಲ್ಲಿಂದಲೂ ಬರತ್ತೆ. ಈಗ ಬರ್ತಿರೋದೂ ಎಲ್ಲಿಂದ ಬರ್ತಿದೆಯೋ ಗೊತ್ತಾಗ್ತಿಲ್ಲ" ಎಂದರು.

ಕಂಪನಿಯವನಿಗೂ ಫೋನು ಮಾಡಿ ಕ್ಷಮೆ ಕೇಳಿದೆ. ಅವನು ಇನ್ನಷ್ಟು ಮರ್ಯಾದೆಯಿಂದ ಮಾತಾಡಿದ. ಬೈದಿದ್ದರೆ ಹಗುರಾಗುತ್ತಿತ್ತು.

ಮೆತ್ತಗಾದ ಗಾಡಿಯಲ್ಲೂ ನಿದ್ರೆ ಬರುವಂತಾಗಿಲ್ಲ. ಅಂದರೆ, ಗಾಡಿಯ ಮೇಲಲ್ಲ, ಮಂಚದ ಮೇಲೆ.

ಏಪ್ರಿಲ್ ೨೪, ಗುರುವಾರ

ಅವಳದೇ ಫೋನು. "ಶನಿವಾರ ಬರ್ತೀರಾ?"

"ಬರ್ತೀನಿ."

"ಬರೋದಾದ್ರೆ ನನ್ನ ಹೆಲ್ಮೆಟ್ ತನ್ನಿ. ಬೀರು ಮೇಲಿದೆ."

ಇಷ್ಟೇ. ಹೆಲ್ಮೆಟ್ ತನ್ನಿ! ಕೇಳಿದಿರಾ ಮಹಾಜನಗಳೇ, ಹೆಲ್ಮೆಟ್ ಏತಕ್ಕೆ ಬೇಕಾಗುತ್ತದೆ? ಗಂಡನ ಹಿಂದೆ ಕೂತು ಮನೆಗೆ ಬರಲು ಬೇಕಾಗುತ್ತದೆ. ಬಾ ಎಂದು ನಾನು ಒಂದು ಸಲವೂ ಅನ್ನಲಿಲ್ಲ ಎಂಬುದನ್ನು ಇತಿಹಾಸ ಗಮನಿಸಲಿ. ಕಾಯುವವನಿಗೇ ಜಯ.

ಹೆಲ್ಮೆಟ್ಟಿನ ಧೂಳು ಒರೆಸಿದೆ. ಒಳಗೆ ಅವಳ ಕೂದಲಿನ ಒಂದು ಕ್ಲಿಪ್ಪು ಸಿಕ್ಕಿಕೊಂಡಿತ್ತು. ಅದನ್ನು ತೆಗೆದೆ. ಆಮೇಲೆ ಇದ್ದಲ್ಲೇ ಸಿಕ್ಕಿಸಿದೆ.

ಗೆದ್ದವನಿಗೆ ಇಷ್ಟು ಸುಸ್ತಾಗುತ್ತದೆಂದು ಗೊತ್ತಿರಲಿಲ್ಲ.

ಏಪ್ರಿಲ್ ೨೬, ಶನಿವಾರ

ಅಕ್ಷರಗಳು ಕುಣಿಯುತ್ತಿದ್ದರೆ ಅದು ಬಸ್ಸಿನ ದೋಷ. ಹೌದು, ಬಸ್ಸು.

ಬೆಳಿಗ್ಗೆ ಕಪ್ಪು ಗಾಡಿಯನ್ನು ಗೇಟಿನ ಹೊರಗೆ ತಂದು ನಿಲ್ಲಿಸಿದೆ. ಹೆಲ್ಮೆಟ್ ಕಟ್ಟಲು ಜಾಗ ಹುಡುಕಿದೆ. ಹಿಂದೆ ಸೀಟಿಲ್ಲ, ಕ್ಯಾರಿಯರಿಲ್ಲ, ಕೊಕ್ಕೆಯಿಲ್ಲ, ಹಗ್ಗ ಸುತ್ತಲು ಒಂದು ಕಂಬಿಯಿಲ್ಲ. ಬೇಡದ್ದನ್ನೆಲ್ಲ ಬಿಟ್ಟಿದ್ದಾರೆ. ಹೆಲ್ಮೆಟ್ಟಿಗೇ ಜಾಗವಿಲ್ಲದ ಗಾಡಿಯಲ್ಲಿ ಹೆಲ್ಮೆಟ್ಟಿನ ಯಜಮಾನಿಯನ್ನು ಎಲ್ಲಿ ಕರೆತರುತ್ತಿದ್ದೆ? ಈ ಪ್ರಶ್ನೆಯನ್ನು ಅಜ್ಜಿ ಮೊದಲ ದಿನವೇ ಕೇಳಿದ್ದರು. ಇಂದೂ ಗೇಟಿನಲ್ಲೇ ಇದ್ದರು.

"ಹೋಗೋದೇನೋ ಹೋಗ್ತೀಯ. ಏನು ಹೇಳ್ತೀಯ ಅವಳಿಗೆ?"

"ಅವಳು ಬರ್ತಾಳೆ ಅಜ್ಜಿ. ಹೆಲ್ಮೆಟ್ ತರೋಕೆ ಹೇಳಿದ್ದಾಳೆ."

"ಬಾ ಅಂದ್ಯಾ?"

"ಇಲ್ಲ."

"ಮತ್ಯಾಕೆ ಬರ್ತಾಳೆ? ನಿನ್ನ ಮೊಟ್ಟೆ ತಿನ್ನೋಕಾ? ಹೋಗು, ಹೋಗಿ ಬಾಯಿ ಬಿಡು. ತಾತನ ಬನಿಯನ್ನು ಕೇಳದೇ ತಗೊಂಡ ಹಾಗಲ್ಲ ಇದು. ಕೇಳ್ಬೇಕು."

ಗಾಡಿ ಒಳಗಿಟ್ಟು ಬಸ್ ಹತ್ತಿದೆ. ಹೆಲ್ಮೆಟ್ ತೊಡೆಯ ಮೇಲಿದೆ. ಪಕ್ಕದ ಹೆಂಗಸು ಒಮ್ಮೆ ಅದನ್ನು, ಒಮ್ಮೆ ಡ್ರೈವರನ್ನು ನೋಡಿ, ನನ್ನ ಮುಂಜಾಗ್ರತೆಗೆ ಕಾರಣವೇನಿರಬಹುದೆಂದು ಯೋಚಿಸುತ್ತಿದ್ದಾರೆ.

ಮೊದಲ ಗಂಟೆ ಅವಳನ್ನು ವಾಪಸು ಕರೆಯುವ ಭಾಷಣ ತಯಾರಿಸಿದೆ. ಎರಡನೆಯ ಗಂಟೆಯಲ್ಲಿ, ಫೋನಿನಲ್ಲಿ ಅವಳು ಹೊಸ ಯಂತ್ರಗಳ ಬಗ್ಗೆ ಹೇಳುವಾಗ ಧ್ವನಿ ಹೇಗಿರುತ್ತದೆ ಎಂಬುದು ನೆನಪಾಯಿತು. ಹೊಸ ಗಾಡಿ ಬಂದ ಸಂಜೆ ನನ್ನದಿರುವ ಹಾಗೆ. ಭಾಷಣ ಅಲ್ಲಿಗೆ ಕೆಟ್ಟು ನಿಂತಿತು.

ಏಪ್ರಿಲ್ ೨೭, ಭಾನುವಾರ

ಅವಳ ಬಾಡಿಗೆ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ತುಂಬ ಗಾಜಿನ ಬಾಟಲಿಗಳು. ಇಲ್ಲಿ ಯಾವ ನೀರು ಕುಡಿಯಲು, ಯಾವುದು ಪರೀಕ್ಷೆಗೆ ಎಂದು ಕೇಳಿಯೇ ಲೋಟ ಎತ್ತಬೇಕು.

ನಿನ್ನೆ ಬಸ್ ನಿಲ್ದಾಣದಲ್ಲಿ ಅವಳು ಕಾಯುತ್ತಿದ್ದಳು, ಒಂದು ಸ್ಕೂಟರಿನ ಮೇಲೆ. ಮುಂದಿನ ಸೀಟಿನಲ್ಲಿ.

"ಇದು ಯಾರದ್ದು?"

"ನನ್ನದು. ಬುಧವಾರ ತಗೊಂಡೆ. ಸೆಕೆಂಡ್ ಹ್ಯಾಂಡು. ನಿಮ್ಮ ಬ್ಯಾಗ್ ಇಲ್ಲಿಡಿ. ಹೆಲ್ಮೆಟ್ ತಂದ್ರಾ? ಕೊಡಿ. ಆಫೀಸಿನವರ ಹತ್ರ ತಗೊಂಡಿದ್ದು ತಲೆ ಮೇಲೆ ಗಿರಗಿರ ತಿರುಗತ್ತೆ." ತನ್ನ ಹೆಲ್ಮೆಟ್ ಹಾಕಿಕೊಂಡಳು. ಗಿರಗಿರ ತಿರುಗುವುದನ್ನು ನನ್ನ ಕೈಗೆ ಕೊಟ್ಟಳು.

ಗೆಲುವಿನ ಮೆರವಣಿಗೆ ಅಲ್ಲಿಗೆ ಮುಗಿಯಿತು.

"ನಿಮ್ಮ ಕಪ್ಪು ಗಾಡಿ ಎಲ್ಲಿ?"

"ಮನೇಲಿ. ಅದರಲ್ಲಿ ಒಬ್ಬರಿಗೇ ಜಾಗ."

ಅವಳು ನನ್ನ ಬ್ಯಾಗನ್ನು ಕಾಲ ಬಳಿ ಸರಿಸಿಕೊಂಡಳು. ಬಸ್ಸುಗಳು ಹಿಂದೆ ಮುಂದೆ ಹೋಗುತ್ತಿದ್ದವು. ಕೇಳಿಬಿಟ್ಟಳು: "ಸೋಮವಾರ ಏನಂತ ಹೇಳ್ಲಿ?"

ಒಳ್ಳೆಯ ಮಾತುಗಳು ನಾಲ್ಕಾರು ಬಂದವು. ಬಂದ ಹಾಗೆ ಒಂದೊಂದನ್ನೇ ಬಿಟ್ಟುಬಿಟ್ಟೆ.

"ಇರ್ತೀನಿ ಅಂತ ಹೇಳು."

ಅವಳ ಮುಖ ಇಳಿಯಿತು. "ಸರಿ."

"ತಡಿ. ನಾನೂ ಇಲ್ಲಿಗೇ ಬರ್ಲಾ?"

"ತಮಾಷೆನಾ?"

"ಅಲ್ಲ ಕಣೇ. ಅಂಕಣ ಎಲ್ಲಿಂದ ಕಳಿಸಿದ್ರೂ ಅವರಿಗೆ ಒಂದೇ. ಕಂಪನಿಯವರು ಗಾಡಿ ಇಲ್ಲಿಗೇ ತಂದುಕೊಡ್ತಾರೆ. ಅಲ್ಲಿ ನನ್ನ ಕೈಲಿ ಆಗ್ತಿಲ್ಲ. ಮನೆ ತುಂಬ ಜಾಗ. ಯಾವುದಕ್ಕೂ ನಗು ಬರಲ್ಲ. ನೀನು ಹೋದಾಗಿಂದ..." ಮುಂದೆ ವಾಕ್ಯವಿತ್ತು. ಅರ್ಧ ದಾರಿಯಲ್ಲೇ ಪಂಕ್ಚರಾಯಿತು.

ಅವಳು ಹೆಲ್ಮೆಟ್ಟಿನ ಗಾಜು ಎಳೆದುಕೊಂಡಳು. ಒಳಗೆ ಏನಾಗುತ್ತಿತ್ತೋ ಕಾಣಲಿಲ್ಲ. ಧ್ವನಿ ಮಾತ್ರ ಬಂತು, ಸ್ವಲ್ಪ ಒದ್ದೆಯಾಗಿ: "ಇಷ್ಟು ಹೇಳೋಕೆ ಬಸ್ಸಲ್ಲಿ ಬರ್ಬೇಕಾಯ್ತು ನೋಡಿ. ಕೂತ್ಕೊಳ್ಳಿ. ಗಟ್ಟಿಯಾಗಿ ಹಿಡ್ಕೊಳ್ಳಿ. ನನಗಿನ್ನೂ ತಿರುವು ಅಷ್ಟು ಅಭ್ಯಾಸ ಆಗಿಲ್ಲ."

ಕೂತೆ.

ಇಂದು ಬೆಳಿಗ್ಗೆ ಚಹಾ ಕೊಡುತ್ತ ಕೇಳಿದಳು, "ಹೇಗಿದೆ ನನ್ನ ಗಾಡಿ? ನಿಮಗೆ ಒಂದು ಕಿಲೋಮೀಟರು ಸಾಕಲ್ಲ. ಆರು ಕಿಲೋಮೀಟರು ಕರ್ಕೊಂಡು ಬಂದಿದ್ದೀನಿ."

"ಹಿಂಬದಿ ಮೃದು. ಬ್ರೇಕು ಚುರುಕು. ತಿರುವಿನಲ್ಲಿ ಒಳ್ಳೆ ಹಿಡಿತ. ಸೆಕೆಂಡ್ ಹ್ಯಾಂಡಿಗೆ ಎಂಜಿನ್ ಸದ್ದೂ ಪರವಾಗಿಲ್ಲ."

"ಅಷ್ಟೆಲ್ಲ ಗೊತ್ತಾಯ್ತಾ?" ಎಂದು ಬಹಳ ಗಂಭೀರವಾಗಿ ಲೋಟ ತೆಗೆದುಕೊಂಡು ಹೋದಳು. ಒಳಗಿನಿಂದ ನಗು ಕೇಳಿಸಿತು.

ನಿನ್ನೆ ಬಸ್ ನಿಲ್ದಾಣದ ಗೇಟು ದಾಟಿದ್ದು ನೆನಪಿದೆ. ಮೊದಲ ತಿರುವಿಗೆ ಅವಳು ಬಲಕ್ಕೆ ಕೈ ತೋರಿಸಿದ್ದು ನೆನಪಿದೆ. ಆಮೇಲೆ ನೆನಪಿರುವುದು ಯಾರೋ "ಮೇಡಂ, ಇವರಿಗೆ ಹುಷಾರಿಲ್ವಾ? ಹಿಡ್ಕೊಳ್ಲಾ?" ಎಂದದ್ದು. ಕಣ್ಣು ಬಿಟ್ಟರೆ ಗಾಡಿ ಈ ಮನೆಯ ಮುಂದೆ ನಿಂತಿದೆ. ಎಂಜಿನ್ ಯಾವಾಗಲೋ ಆರಿದೆ. ಅವಳು ಎರಡು ಕಾಲೂ ನೆಲಕ್ಕೂರಿ, ತನ್ನ ಹೊಟ್ಟೆಯ ಮೇಲಿದ್ದ ನನ್ನ ಎರಡು ಕೈಯನ್ನೂ ಒಂದೇ ಕೈಯಲ್ಲಿ ಹಿಡಿದುಕೊಂಡು, ಅಲುಗಾಡದೆ ಕೂತಿದ್ದಾಳೆ. ಪಕ್ಕದಲ್ಲಿ, ಹಾಗೆ ಕೇಳಿದ ಕಟ್ಟಡದ ಕಾವಲುಗಾರ.

"ಹುಷಾರಾಗೇ ಇದ್ದಾರೆ. ಗಾಡಿ ಪರೀಕ್ಷೆ ಮಾಡ್ತಿದ್ದಾರೆ" ಎಂದಳು ಅವಳು, ಪಿಸುಮಾತಿನಲ್ಲಿ.

ಅವಳ ಅಂಗಿಯ ಭುಜದ ಮೇಲೆ ಅಂಗೈಯಗಲ ನನ್ನ ಜೊಲ್ಲು. ಆ ಸ್ಕೂಟರಿನ ಸವಾರಿಯ ಅನುಭವ ನನಗಿಲ್ಲ. ಅದರ ಬಣ್ಣ ನೀಲಿ ಎಂಬುದನ್ನೂ ಈಗ ಕಿಟಕಿಯಿಂದ ಬಗ್ಗಿ ನೋಡಿ ಬಂದು ಬರೆದಿದ್ದೇನೆ.